ಸುಮೈತಾಂಗಿ ಕಲ್ಲಿನ ಮೇಲಿಟ್ಟ ಚೀಲ

ನೀವು ಈಗ ಓದಲಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ದಿಂಡಿಗಲ್ಲಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಮನೆಯ ಹೆಂಗಸರು ಮಧ್ಯಾಹ್ನ ಒಟ್ಟು ಕೂತರೆ ಯಾವ ಮರದಲ್ಲಿ ಯಾರಿದ್ದಾರೆ, ಯಾವ ಬಾವಿಯ ಹತ್ತಿರ ಯಾರು ಯಾರನ್ನು ಕರೆದರು ಎಂಬ ಮಾತು ಬರದೇ ಇರುವುದಿಲ್ಲ. ಒಂದು ಸಲ ಚಿಕ್ಕಮ್ಮ ಹೀಗೆ ಹೇಳುತ್ತಿದ್ದಾಗ "ಆ ದೆವ್ವದ್ದು ಯಾವ ಬ್ಲಡ್ ಗ್ರೂಪು ಚಿಕ್ಕಮ್ಮಾ?" ಎಂದು ಕೇಳಿಬಿಟ್ಟೆ. ಅವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು.

ಆ ಚಿಕ್ಕಮ್ಮನಿಗೂ ಈ ಸಂಗತಿಯನ್ನು ನಾನು ಹೇಳಿಲ್ಲ. ನಡೆದು ಆರು ವರ್ಷವಾಯಿತು. ಹಗಲಿನಲ್ಲಿ, ಮೂರು ಗಂಟೆಯ ಬಿಸಿಲಿನಲ್ಲಿ ನಡೆದದ್ದು. ಕತ್ತಲಲ್ಲಿ ಏನೋ ಕಂಡೆ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ನನ್ನ ತಂಗಿ ಭುವನಾಳನ್ನು ತೇವಾರಂ ಕಡೆಯ ಒಂದು ಊರಿಗೆ ಕೊಟ್ಟಿದ್ದೇವೆ. ಅದು ಅವಳ ಮೊದಲ ಬಸಿರು. ತಮಿಳು ಸೀಮೆಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮೊದಲ ಬಸಿರಿಗೆ ಗಂಡನ ಮನೆಯಲ್ಲಿ ಬಳೆ ತೊಡಿಸುತ್ತಾರೆ. ಏಳನೆಯ ತಿಂಗಳಲ್ಲಿ ಮಾಡಬೇಕು, ಆಗದಿದ್ದರೆ ಒಂಬತ್ತರಲ್ಲಿ. ಮೊದಲು ಬೇವಿನ ಕಡ್ಡಿಯನ್ನು ಬಳೆಯಂತೆ ಬಗ್ಗಿಸಿ ತೊಡಿಸಿ, ಆಮೇಲೆ ಎರಡೂ ಕೈ ತುಂಬ ಗಾಜಿನ ಬಳೆ. ಏಳು ಬಗೆಯ ಅನ್ನ ಮಾಡಿ ಬಡಿಸಬೇಕು. ಅದೇ ದಿನ ತವರಿನವರು ಅವಳನ್ನು ಹೆರಿಗೆಗೆ ಕರೆದುಕೊಂಡು ಹೋಗಬೇಕು. ತೊಟ್ಟ ಬಳೆಯನ್ನು ಹೆರಿಗೆಯಾಗುವವರೆಗೆ ತೆಗೆಯುವಂತಿಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಭುವನಾಳ ಗಂಡನ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ದಿನ ಗೊತ್ತು ಮಾಡಿದ ಮೇಲೆ ಬಳೆ ತೊಡುವವರೆಗೆ ಬಸುರಿ ಊರಿನ ಎಲ್ಲೆ ದಾಟಬಾರದು.

ಏಳನೆಯ ತಿಂಗಳಲ್ಲಿ ಆ ಮನೆಯಲ್ಲಿ ಸಾವಾಗಿ ಸೂತಕ ಬಂತು. ಹಾಗಾಗಿ ಒಂಬತ್ತಕ್ಕೆ ಹೋಯಿತು. ದಿನ ಗೊತ್ತು ಮಾಡಿದ್ದು ಎರಡು ವಾರ ಮುಂಚೆ. ಆ ಎರಡು ವಾರದ ನಡುವೆಯೇ ಪಕ್ಕದೂರಿನ ಆರೋಗ್ಯ ಕೇಂದ್ರದಲ್ಲಿ ಅವಳ ತಪಾಸಣೆ ಇತ್ತು. ಅಲ್ಲಿನ ನರ್ಸು ಎರಡು ಸಲ ಫೋನ್ ಮಾಡಿ ಕರೆದರಂತೆ. ಭುವನಾ ನನ್ನನ್ನು ಕೇಳಿದಳು: "ಅಕ್ಕಾ, ಹೋಗ್ಲಾ ಬ್ಯಾಡ್ವಾ? ಅತ್ತೆ ಎಲ್ಲೆ ದಾಟ್ಬ್ಯಾಡ ಅಂತಾರೆ."

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. "ಹತ್ತು ದಿನ ತಾನೆ ನನ್ ಕಣ್ಣು, ಇಲ್ಲಿಗೆ ಬಂದ ಮೇಲೆ ನಾನೇ ಕರಕೊಂಡು ಹೋಗ್ತೀನಿ. ಅತ್ತೆ ಮನಸ್ಸು ಯಾಕೆ ನೋಯ್ಸ್ತೀಯ" ಎಂದೆ. ಅತ್ತೆಗೆ ಶಾಸ್ತ್ರ ಗೊತ್ತಿತ್ತು, ವಿಜ್ಞಾನ ಗೊತ್ತಿರಲಿಲ್ಲ. ನನಗೆ ಎರಡೂ ಗೊತ್ತಿತ್ತು.

ಬಳೆ ತೊಡಿಸುವ ದಿನ ನಾನೂ ಅಮ್ಮನೂ ಬೆಳಗ್ಗೆಯೇ ಹೋದೆವು. ಭುವನಾಳನ್ನು ಕಂಡಾಗ ನನಗೆ ಸಂತೋಷವಾಯಿತು. ಸಣ್ಣ ಮುಖದವಳು, ದುಂಡಗಾಗಿದ್ದಳು. ಕಣ್ಣಿನ ಕೆಳಗೆ ಕೂಡ ಮೈ ತುಂಬಿಕೊಂಡಿತ್ತು. ಅವಳ ಅತ್ತೆ ಅವಳ ಗಲ್ಲ ಹಿಡಿದು, ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಬಂದಾಗ ಒಣಗಿದ ಮೆಣಸಿನಕಾಯಿ ಅಂಗಿದ್ಲು. ಈಗ ನೋಡಿ! ನನ್ ಮನೆ ಅನ್ನ ಕಣ್ರಮ್ಮಾ, ಸೋಱು!"

ಬಳೆ ತೊಡಿಸಲು ಬಂದಿದ್ದ ಹೆಂಗಸು ಭುವನಾಳ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒತ್ತಿ ಒತ್ತಿ ನೋಡಿದಳು. ಅಳತೆ ಕೊಟ್ಟು ತರಿಸಿದ್ದ ಬಳೆ ಒಂದೂ ಹತ್ತಲಿಲ್ಲ. "ಇದು ಕೈಯಾ ಮಗಾ, ಬಾಳೆದಿಂಡಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಲದ ತಳದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯ ಬಳೆ ತೆಗೆದು, ಸೋಪಿನ ನೊರೆ ಹಚ್ಚಿ, ಒಂದೊಂದಾಗಿ ಏರಿಸಿದಳು. ಭುವನಾ ತುಟಿ ಕಚ್ಚಿಕೊಂಡಿದ್ದಳು.

"ನೋಯ್ತದಾ?"

"ಕೈ ನೋಯಲ್ಲ. ತಲೆ ಸಿಡೀತೈತೆ ಅಕ್ಕಾ, ಮೂರು ದಿನದಿಂದ."

"ಇಷ್ಟು ಮಲ್ಲಿಗೆ ಮುಡಿದ್ರೆ ನೋಯ್ದೇ ಇರ್ತದಾ" ಎಂದು ಅವಳ ಜಡೆಯಿಂದ ಎರಡು ಮೊಳ ಹೂ ಬಿಚ್ಚಿ ಪಕ್ಕಕ್ಕಿಟ್ಟೆ. ಅಷ್ಟೇ ನಾನು ಮಾಡಿದ ಚಿಕಿತ್ಸೆ.

ಊಟದಲ್ಲಿ ಅವಳು ಏಳು ಬಗೆಯಿಂದಲೂ ಒಂದೊಂದು ತುತ್ತು ತಿಂದಳು. ಎದೆಗೂಡಿನ ಕೆಳಗೆ, ಬಲಗಡೆ, ಕೈಯಿಟ್ಟುಕೊಂಡು ಎದ್ದಳು. ಅತ್ತೆ ಓಮದ ನೀರು ಕೊಟ್ಟರು. "ಪುಳಿಸೋಱು ಜಾಸ್ತಿ ಆಯ್ತು, ಬುಡು" ಎಂದು ಹುಳಿಯನ್ನದ ಮೇಲೆ ತಪ್ಪು ಹಾಕಿದರು. ಮಿಕ್ಕ ಅನ್ನವನ್ನು ಒಂದರ ಮೇಲೊಂದು ಕೂರುವ ಹಿತ್ತಾಳೆಯ ಅಡುಕ್ಕು ಡಬ್ಬಿಗೆ ತುಂಬಿ ಒಂದು ಬಟ್ಟೆಯ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಅದರ ಭಾರ ಐದಾರು ಕಿಲೋ ಇರಬಹುದು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ. ಅವರ ಮನೆಯ ಬಾಗಿಲಿನಿಂದ ಆಟೋದವರೆಗೆ ಆ ಚೀಲವನ್ನು ನಾನು ಎಡಗೈಯಲ್ಲಿ ಹಿಡಿದುಕೊಂಡೇ ಬಂದೆ, ಬಲಗೈಯಲ್ಲಿ ಭುವನಾಳನ್ನು ಹಿಡಿದಿದ್ದೆ.

ಆಟೋ ನಮ್ಮೂರಿನ ಚಿನ್ನಸಾಮಿಯದು. ಶಾಲೆಗೆ ನಾನು ದಿನವೂ ಅವನ ಆಟೋದಲ್ಲೇ ಹೋಗುತ್ತಿದ್ದೆ. ನಮ್ಮೂರು ಉತ್ತಮಪಾಳಯದಿಂದ ಸ್ವಲ್ಪ ಒಳಗೆ. ತೇವಾರಂ ರಸ್ತೆಯಲ್ಲಿ ಬಂದರೆ ಒಂದು ಕಡೆ ದಾರಿ ಎರಡಾಗುತ್ತದೆ. ನೆಟ್ಟಗೆ ಹೋದರೆ ಪಟ್ಟಣ, ಆಸ್ಪತ್ರೆ, ಬಸ್‌ಸ್ಟಾಂಡು. ಎಡಕ್ಕೆ ತಿರುಗಿದರೆ ಬಾಳೆತೋಟಗಳ ನಡುವೆ ನಮ್ಮೂರು. ದಾರಿ ಒಡೆಯುವ ಆ ಜಾಗದಲ್ಲಿ ಒಂದು ಸುಮೈತಾಂಗಿ ಇದೆ.

ಸುಮೈತಾಂಗಿ ಎಂದರೆ ಹೊರೆ ಇಳಿಸುವ ಕಲ್ಲು. ಎರಡು ಉದ್ದ ಕಲ್ಲನ್ನು ನಿಲ್ಲಿಸಿ ಮೇಲೆ ಒಂದನ್ನು ಅಡ್ಡ ಮಲಗಿಸಿರುತ್ತಾರೆ, ಹೆಗಲಿನ ಎತ್ತರಕ್ಕೆ. ಹಿಂದೆ ತಲೆಹೊರೆ ಹೊತ್ತು ನಡೆದು ಬರುವವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗುತ್ತಿದ್ದರು. ಹೆಂಗಸು ಬಸುರಿಯಾಗಿದ್ದಾಗಲೇ ಸತ್ತುಹೋದರೆ ಅವಳ ಹೆಸರಿನಲ್ಲಿ ಮನೆಯವರು ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಇಳಿಸದ ಭಾರದೊಂದಿಗೆ ಹೋದವಳು, ಬೇರೆಯವರ ಭಾರ ಇಳಿದಾಗ ಅವಳ ಭಾರವೂ ಇಳಿಯುತ್ತದೆ ಎಂಬ ನಂಬಿಕೆ. ಓದುವ ಕಾಲದಲ್ಲಿ ನಾನು ಎಷ್ಟೋ ಸಲ ಆ ಕಲ್ಲಿನ ಮೇಲೆ ಪುಸ್ತಕ ಇಟ್ಟುಕೊಂಡು ಬಸ್ಸಿಗೆ ಕಾದಿದ್ದೇನೆ. ಅದು ಯಾರ ಕಲ್ಲು ಎಂದು ಕೇಳಿದವಳಲ್ಲ.

ಅಲ್ಲಿಗೆ ಬರುವ ಹೊತ್ತಿಗೆ ಭುವನಾ "ನಿಲ್ಸಣ್ಣಾ" ಎಂದಳು. ಇಳಿಯುವ ಮುಂಚೆಯೇ ವಾಂತಿಯಾಯಿತು. ಅಮ್ಮ ಅವಳ ಬೆನ್ನು ಸವರುತ್ತ ಆಟೋದೊಳಗೇ ಇದ್ದಳು, ಕಲ್ಲಿಗೆ ಬೆನ್ನು ಮಾಡಿ. ನಾನು ಚೀಲ ಹಿಡಿದುಕೊಂಡೇ ಕೆಳಗಿಳಿದಿದ್ದೆ. ನೀರಿನ ಬಾಟಲಿ ತೆರೆಯಲು ಎರಡೂ ಕೈ ಬೇಕಾಗಿತ್ತು. ಚೀಲವನ್ನು ಆ ಕಲ್ಲಿನ ಮೇಲಿಟ್ಟೆ.

ಡಬ್ಬಿ ಕಲ್ಲಿಗೆ ತಾಗಿದ ಸದ್ದಿಗೆ ಅಮ್ಮ ತಿರುಗದೆಯೇ ಬೈದಳು. "ಏಯ್, ಬಸುರಿನ ಕರಕೊಂಡು ಹೋಗೋವಾಗ ಅದರ ಮೇಲೆ ಯಾಕೆ ಇಟ್ಟೆ? ಎತ್ತು ಮೊದ್ಲು!"

ಭುವನಾಳ ಬಾಯಿ ತೊಳೆಸಿದೆ. ಅವಳು ಹಿಂದಕ್ಕೊರಗಿ ಕಣ್ಣು ಮುಚ್ಚಿದಳು. "ಮನೆಗೆ ಹೋಗಿ ಮಲಗಿದ್ರೆ ಸರಿಹೋಗ್ತದೆ" ಎಂದು ನಾನೇ ಹೇಳಿದೆ. ಕಿಟಕಿ ಮುಚ್ಚಿ, ಕತ್ತಲು ಮಾಡಿ, ಫ್ಯಾನು ಹಾಕಿ ಮಲಗಿಸಬೇಕು ಎಂದುಕೊಂಡೆ. ಚಿನ್ನಸಾಮಿ ಆಟೋವನ್ನು ಎಡದ ದಾರಿಗೆ ತಿರುಗಿಸಿ ನಿಲ್ಲಿಸಿದ. ನಾನು ಚೀಲ ತೆಗೆದುಕೊಳ್ಳಲು ಹೋದೆ.

ಚೀಲ ಮೇಲೇಳಲಿಲ್ಲ.

ಮೊದಲ ಸಲ ಹಿಡಿ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡೆ. ಇಣುಕಿ ನೋಡಿದೆ. ಸಿಕ್ಕಿಕೊಳ್ಳಲು ಅಲ್ಲಿ ಏನೂ ಇಲ್ಲ, ನುಣುಪಾದ ಕಲ್ಲು. ಎರಡು ಕೈಯಲ್ಲಿ ಹಿಡಿದು ಎತ್ತಿದೆ. ಬಟ್ಟೆ ಬಿಗಿಯಾಯಿತು, ಹಿಡಿಯ ಹೊಲಿಗೆ ಕಿರ್ ಎಂದಿತು, ತಳ ಅಲುಗಲಿಲ್ಲ. ತುಂಬಿದ ನೀರಿನ ತೊಟ್ಟಿಯನ್ನು ಎತ್ತಲು ಹೋದಾಗ ಹೇಗಿರುತ್ತದೆ, ಹಾಗೆ. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಚಿನ್ನಸಾಮಿ ಬಂದ. "ಏನ್ ಟೀಚರ್, ಸೋಱು ಐತಾ ಸಿಮೆಂಟ್ ಐತಾ?" ಎಂದು ನಗುತ್ತ ಒಂದು ಕೈ ಹಾಕಿದ. ಆಮೇಲೆ ಎರಡು ಕೈ ಹಾಕಿದ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವನು ಕೈಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅಂಗೈಯನ್ನು ಷರ್ಟಿಗೆ ಒರೆಸಿಕೊಂಡ.

ಆಗ ಆಟೋದಿಂದ ಭುವನಾ ನನ್ನನ್ನು ಕರೆದಳು. ಧ್ವನಿಯಲ್ಲಿ ಗಾಬರಿಯೇನೂ ಇರಲಿಲ್ಲ.

"ಅಕ್ಕಾ, ನಿನ್ ಮಕ ಅರ್ಧ ಕಾಣ್ತಿಲ್ಲ."

"ಏನು?"

"ಅರ್ಧ ಐತೆ, ಅರ್ಧ ಇಲ್ಲ. ಮಿಂಚುಹುಳ ಹಾರ್ದಂಗೆ ಹಾರ್ತೈತೆ."

ಅಮ್ಮ "ದಿಟ್ಟಿ ಕಣಮ್ಮಾ, ಅಷ್ಟು ಜನರ ಕಣ್ಣು ಬಿತ್ತಲ್ಲ. ಮನೇಲಿ ಉಪ್ಪು ಮೆಣಸಿನಕಾಯಿ ಸುತ್ತಿ ಹಾಕ್ತೀನಿ" ಎಂದಳು. ನಾನು ಮಾತ್ರ ಕಲ್ಲಿನ ಪಕ್ಕ ನಿಂತಲ್ಲೇ ನಿಂತುಬಿಟ್ಟೆ. ಮೂರು ದಿನದ ತಲೆನೋವು. ಹತ್ತದ ಬಳೆ. ಕಣ್ಣಿನ ಕೆಳಗಿನ ಊತ. ಎದೆಗೂಡಿನ ಕೆಳಗೆ ಇಟ್ಟುಕೊಂಡ ಕೈ. ಹೋಗದೆ ಬಿಟ್ಟ ತಪಾಸಣೆ. ಬೆಳಗ್ಗಿನಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ದೆ, ಒಂದೊಂದಕ್ಕೂ ಬೇರೆ ಬೇರೆ ಕಾರಣ ಕೊಟ್ಟಿದ್ದೆ. ಈಗ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು. ಹಳಬರು ಬಸುರಿನ ನಂಜು ಎನ್ನುವುದು ಇದನ್ನೇ. ಕಾಲೇಜಿನಲ್ಲಿ ಇದರ ಹೆಸರನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ.

ಓಡಿಹೋಗಿ ಅವಳ ಸೀರೆಯ ಅಂಚನ್ನು ಎತ್ತಿ ಮೊಳಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು, ಹಸಿ ಮಣ್ಣಿನಲ್ಲಿ ಒತ್ತಿದಂತೆ.

"ಚಿನ್ನಸಾಮಿ, ಊರಿಗೆ ಬೇಡ. ಆಸ್ಪತ್ರೆಗೆ ನಡಿ."

ಅಮ್ಮ ಏನೋ ಹೇಳುತ್ತಿದ್ದಳು. ಅವನು ಆಟೋವನ್ನು ಹಿಂದಕ್ಕೆ ತೆಗೆದು ನೆಟ್ಟಗಿನ ರಸ್ತೆಗೆ ತಿರುಗಿಸಿದ. ಹತ್ತುವ ಮುನ್ನ ನಾನು ಯೋಚನೆಯೇ ಇಲ್ಲದೆ ಚೀಲದ ಕಡೆಗೆ ಕೈ ಚಾಚಿದೆ. ಎಡಗೈ. ಅದು ಮೊದಲಿನ ಹಾಗೆ ಐದಾರು ಕಿಲೋ ಭಾರದೊಂದಿಗೆ ಎದ್ದು ಬಂತು.

ಆಸ್ಪತ್ರೆಯಲ್ಲಿ ನರ್ಸು ರಕ್ತದೊತ್ತಡ ನೋಡಿದಳು. ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದಳು. ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಒತ್ತಡ ನೂರ ಎಂಬತ್ತರ ಹತ್ತಿರ ಇತ್ತು. ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣವನ್ನು ನನಗೂ ತೋರಿಸಿದರು, ಕಡು ಹಸಿರು. ಪ್ರೋಟೀನು ತುಂಬ ಹೋಗುತ್ತಿದೆ ಎಂದರು. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಭುವನಾಳ ಕಾಲು ಒದ್ದಂತೆ ಹಾರಿತು.

"ಯಾವಾಗಿಂದ ತಲೆನೋವು? ಮೂರು ದಿನವಾ? ಮೂರು ದಿನ ಏನು ಮಾಡುತ್ತಿದ್ದಿರಿ?" ಎಂದು ತಮಿಳಿನಲ್ಲಿ ಕೇಳಿದರು.

ಸೂಜಿ ಚುಚ್ಚಲು ನರ ಸಿಗಲಿಲ್ಲ. ಮಣಿಕಟ್ಟಿನಿಂದ ಮೊಳಕೈವರೆಗೆ ಬಳೆ. ಊತದೊಳಗೆ ಹೂತುಕೊಂಡಿದ್ದವು, ಸೋಪಿಗೂ ಜಾರಲಿಲ್ಲ. ಒಡೆಯಬೇಕು ಎಂದರು. ಅಮ್ಮ ಅಡ್ಡ ಬಂದಳು. ಮುತ್ತೈದೆಯ ಬಳೆ ಒಡೆಯುವುದೆಂದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನರ್ಸು ಇಕ್ಕಳ ಹಿಡಿದು ನಿಂತಿದ್ದಳು. ಆಮೇಲೆ ಅಮ್ಮನೇ ಸೆರಗನ್ನು ಭುವನಾಳ ಕೈಗೆ ಸುತ್ತಿ, "ಬೇರೆಯವರ ಕೈ ಬ್ಯಾಡ, ನಾನೇ" ಎಂದು ಮೇಲಿನಿಂದ ಅದುಮಿದಳು. ಸೆರಗಿನೊಳಗೆ ಗಾಜು ಪುಡಿಯಾಗುವ ಸದ್ದು ಕೇಳುತ್ತಿತ್ತು. ಅಮ್ಮ ಅಳುತ್ತಿರಲಿಲ್ಲ, ಎಣಿಸುತ್ತಿದ್ದಳು.

ಎರಡನೆಯ ಕೈಗೆ ಸೆರಗು ಸುತ್ತುವಾಗ ಭುವನಾಳ ಕಣ್ಣು ಮೇಲಕ್ಕೆ ಹೋಯಿತು. ದವಡೆ ಬಿಗಿಯಿತು. ಇಡೀ ಮೈ ಬಿಲ್ಲಿನಂತೆ ಸೆಟೆದು ಅದುರಲು ಶುರುವಾಯಿತು. ಅದು ಒಂದು ನಿಮಿಷವೂ ಇರಲಿಲ್ಲವಂತೆ. ಅವಳನ್ನು ಎಡಮಗ್ಗುಲಿಗೆ ಹೊರಳಿಸಿದರು, ಸೊಂಟದ ಎರಡೂ ಕಡೆ ಸೂಜಿ ಹಾಕಿದರು. ನನ್ನನ್ನು ಹೊರಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ತೇನಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಆ ಸಂಜೆಯೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ಎರಡು ಕಿಲೋಗಿಂತ ಕಡಿಮೆ. ಭುವನಾಳಿಗೆ ಸರಿಯಾಗಿ ಎಚ್ಚರವಾದದ್ದು ಮಾರನೆಯ ದಿನ. ಇಬ್ಬರೂ ಉಳಿದರು.

ಮೂರನೆಯ ದಿನ ಅಲ್ಲಿನ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಕಾಲು ಮಾತ್ರ ಊದುವುದು ಬಸುರಿಯರಲ್ಲಿ ಸಾಮಾನ್ಯ. ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಒಂದು ಗಂಟೆಯೂ ಕಾಯಬಾರದು. ಇದ್ಯಾವುದೂ ಇಲ್ಲದೆಯೂ ಒತ್ತಡ ಏರಬಹುದು, ಅದು ಅಳೆದರಷ್ಟೇ ಗೊತ್ತಾಗುತ್ತದೆ. ತಪಾಸಣೆ ಇರುವುದೇ ಅದಕ್ಕೆ. "ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದ್ದರೆ..." ಎಂದರು. ಆಮೇಲೆ ಮಾತು ಬದಲಾಯಿಸಿದರು. ಭುವನಾಳ ಅತ್ತೆ ಆ ದಿನ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, "ನಾನು ಎಲ್ಲೆ ದಾಟ್ಬ್ಯಾಡ ಅಂದೆ. ನೀನಾದ್ರೂ ನನ್ನ ಬೈಬಾರ್ದಿತ್ತಾ ಕಣ್ಣು?" ಎಂದರು.

ಇಷ್ಟಕ್ಕೆಲ್ಲ ವಿಜ್ಞಾನದಲ್ಲಿ ಹೆಸರಿದೆ. ನನ್ನನ್ನು ಬಿಡದಿರುವುದು ಚೀಲ. ಒಂದು ತಿಂಗಳಾದ ಮೇಲೆ ಅದೇ ಚೀಲ, ಅದೇ ಡಬ್ಬಿಗೆ ಅಕ್ಕಿ ತುಂಬಿಕೊಂಡು ಆ ಕಲ್ಲಿನ ಹತ್ತಿರ ಹೋದೆ. ಅದೇ ಹೊತ್ತು, ಅದೇ ಬಿಸಿಲು. ಇಟ್ಟೆ, ಎತ್ತಿದೆ. ಹತ್ತು ಸಲ ಇಟ್ಟು ಎತ್ತಿದೆ. ಆಡು ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, "ಏನ್ ಟೀಚರಮ್ಮಾ, ಎಕ್ಸರ್‌ಸೈಜಾ?" ಎಂದು ಕೇಳಿದಳು. ಕಲ್ಲಿನಲ್ಲಿ ಏನೂ ಇರಲಿಲ್ಲ. ಅದು ಯಾರ ಹೆಸರಿನದು ಎಂದು ಆಗ ಮೊದಲ ಸಲ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಅಕ್ಷರಗಳಿದ್ದ ಜಾಗ ಸವೆದು ಹೋಗಿದೆ.

ಆದರೂ ಐದು ವರ್ಷ ನನಗೆ ಒಂದು ಧೈರ್ಯವಿತ್ತು. ನನ್ನ ಜೊತೆ ಚಿನ್ನಸಾಮಿಯೂ ಎತ್ತಿದ್ದಾನೆ, ನಾನೊಬ್ಬಳೇ ಭ್ರಮೆಪಟ್ಟದ್ದಲ್ಲ ಎಂದು. ಅವನು ಆ ವರ್ಷವೇ ಆಟೋ ಮಾರಿ ಪಳನಿಗೆ ಹೋಗಿ ಅಲ್ಲಿ ಅಂಗಡಿ ಹಾಕಿದ್ದ. ನಾನೂ ಕೇಳಲು ಹೋಗಿರಲಿಲ್ಲ. ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಕೇಳಿಯೇಬಿಟ್ಟೆ.

"ನಾನು ಎತ್ತಲೇ ಇಲ್ವಲ್ಲ ಟೀಚರ್. ನೀವು ಆ ಚೀಲದ ಮೇಲೆ ಎರಡು ಕೈಯೂ ಇಟ್ಟು ಅದುಮಿಕೊಂಡು ನಿಂತಿದ್ರಿ. ನಾನು ಎತ್ತಿಕೊಡ್ಲಾ ಅಂತ ಬಂದೆ. ಮುಟ್ಟಬೇಡ ಅಂತ ಕೂಗಿದ್ರಿ. ನಾನು ಬೆದರ್ಕೊಂಡು ಹಿಂದೆ ಸರಿದೆ."

"ನಾನು ಕೂಗಿದೆನಾ?"

"ಕೂಗಿದ್ರಿ. ಯಾಕೆ, ಅಮ್ಮನ್ನ ಕೇಳಿ."

ಅಮ್ಮನನ್ನು ಕೇಳಿದೆ. ಅವಳಿಗೆ ಭುವನಾಳನ್ನು ಬಿಟ್ಟು ಬೇರೇನೂ ನೆನಪಿಲ್ಲ.

ನನ್ನ ಅಂಗೈಗೆ ಮಾತ್ರ ಆ ಚೀಲದ ಹಿಡಿ ಬಿಗಿದದ್ದು ನೆನಪಿದೆ. ಹೊಲಿಗೆಯ ಸದ್ದು ನೆನಪಿದೆ, ಅವನ ಕುತ್ತಿಗೆಯ ನರ ನೆನಪಿದೆ. ಅವನಿಗೆ ಸುಳ್ಳು ಹೇಳಬೇಕಾದ ಕಾರಣವಿಲ್ಲ. ನನಗೂ ಇಲ್ಲ. ಕಲ್ಲು ಹಿಡಿದುಕೊಂಡಿತೋ, ನನ್ನ ಕೈಯೇ ಹಿಡಿದುಕೊಂಡಿತೋ, ತಲೆಗೆ ತಿಳಿಯುವ ಮೊದಲು ಕೈಗೆ ತಿಳಿದಿತ್ತೋ, ಹೇಗೆ ತಿಳಿದಿತ್ತೋ, ಒಂದನ್ನೂ ನಾನು ಬಿಡಿಸಿ ಹೇಳಲಾರೆ. ಮೊದಲ ಸಲವೇ ಚೀಲ ಎದ್ದು ಬಂದಿದ್ದರೆ ಆಟೋ ಎಡಕ್ಕೆ ಹೋಗುತ್ತಿತ್ತು, ಕಿಟಕಿ ಮುಚ್ಚಿ ಕತ್ತಲು ಮಾಡಿ ನನ್ನ ತಂಗಿಯನ್ನು ನಾನೇ ಮಲಗಿಸುತ್ತಿದ್ದೆ ಎಂಬುದೊಂದೇ ನನಗೆ ಖಚಿತವಾಗಿ ಗೊತ್ತಿರುವುದು.

ಆ ದಿನ ನನ್ನನ್ನು ತಡೆದದ್ದು ಏನೆಂದು ತಿಳಿಯದೆ, ಇನ್ನೊಂದು ಸಲವೂ ಅದು ತಡೆಯುತ್ತದೆ ಎಂದು ನಾನು ಹೇಗೆ ನಂಬಲಿ? ಹಾಗಾಗಿ ಟೌನ್ ಬಸ್ಸಿನಲ್ಲಿ ಬಸುರಿಯರು ಪಕ್ಕದಲ್ಲಿ ಕೂತರೆ ಮೊದಲು ಅವರ ಕೈಬೆರಳು ನೋಡುತ್ತೇನೆ, ಆಮೇಲೆ ಕಣ್ಣಿನ ಕೆಳಗೆ. ತಲೆ ನೋಯುತ್ತದಾ, ಒತ್ತಡ ಯಾವಾಗ ನೋಡಿಸಿದಿರಿ ಎಂದು ಕೇಳಿಬಿಡುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.